ಹೊಗೆ ಯಾವ ಕಡೆಗೆ

ಮೊದಲ ಮನೆಯಲ್ಲೇ ಸುಳ್ಳು ಹೇಳಿ ಸಿಕ್ಕಿಬಿದ್ದೆ. ಶ್ರೀರಾಂಪುರದ ಒಂದು ವಠಾರ. ಎಂಬತ್ತರ ಹತ್ತಿರದ ಅಜ್ಜಿ, ಅವರನ್ನು ನೋಡಿಕೊಳ್ಳುವ ಸೊಸೆ. ನಾನು ಚೀಲದಿಂದ ಕಾಗದ ತೆಗೆಯುವ ಮೊದಲೇ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಕುಡಿಯಬೇಕೆಂದರೆ ಮಾಸ್ಕ್ ತೆಗೆಯಬೇಕು. ಹತ್ತಡಿಗೆ ಹತ್ತಡಿಯ, ಒಂದೇ ಕಿಟಕಿಯ ಕೋಣೆಯಲ್ಲಿ ವಯಸ್ಸಾದವರ ಎದುರು ಮಾಸ್ಕ್ ತೆಗೆಯಬಾರದೆಂದು ತರಬೇತಿಯಲ್ಲಿ ಮೂರು ಸಲ ಹೇಳಿ ಕಳುಹಿಸಿದ್ದರು. ಬೇಡ ಎಂದರೆ ಮನೆಯವರ ಮುಖ ಸಪ್ಪಗಾಗುತ್ತದೆ. ನಮ್ಮ ಜಾತಿಯವರ ಮನೆಯಲ್ಲಿ ಇವರು ಕುಡಿಯುವುದಿಲ್ಲವೇನೋ ಎಂದುಕೊಂಡರಂತೂ ಅದಕ್ಕಿಂತ ಕೆಟ್ಟದ್ದು ಇಲ್ಲ. "ಇವತ್ತು ಸಂಕಷ್ಟಿ, ಉಪವಾಸ" ಎಂದುಬಿಟ್ಟೆ. ಅಜ್ಜಿ ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ತಿರುಗಿಸಿದರು. "ಸಂಕಷ್ಟಿ ಹೋದ ವಾರವೇ ಆಯಿತಲ್ಲಮ್ಮ. ಅಲ್ಲದೆ ಸಂಕಷ್ಟಿಗೆ ಕಾಫಿ ನಡೆಯುತ್ತದೆ" ಎಂದರು.

ಸೊಸೆ ನಕ್ಕರು. ನಾನೂ ನಕ್ಕು ನಿಜ ಹೇಳಿದೆ: "ನನ್ನಿಂದ ಅಜ್ಜಿಗೆ ಏನಾದರೂ ಅಂಟಿದರೆ ಎಂದು ಭಯ. ಮುಚ್ಚಿಡಿ, ಮಾತು ಮುಗಿದ ಮೇಲೆ ಹೊರಗೆ ನಿಂತು ಕುಡಿಯುತ್ತೇನೆ." ಒಂದೂವರೆ ಗಂಟೆಯ ನಂತರ ವಠಾರದ ನಲ್ಲಿಯ ಪಕ್ಕ ನಿಂತು ಆರಿದ ಕಾಫಿ ಕುಡಿದೆ. ಅಂದಿನಿಂದ ಅದೇ ಪದ್ಧತಿಯಾಯಿತು. ಬೇಡ ಎನ್ನುವುದಿಲ್ಲ, ಆಮೇಲೆ ಎನ್ನುತ್ತೇನೆ. ಬೆಂಗಳೂರಿನಲ್ಲಿ ನನ್ನಷ್ಟು ಆರಿದ ಕಾಫಿ ಕುಡಿದವರು ಇರಲಾರರು.

2022ರ ನವೆಂಬರಿನಿಂದ 2023ರ ಜುಲೈವರೆಗೆ ನನಗೆ ಈ ಕೆಲಸವಿತ್ತು. ಹಾಸಿಗೆ ಹಿಡಿದ ಅಥವಾ ಹೊಸಿಲು ದಾಟಲಾಗದ ವೃದ್ಧರನ್ನು ಮನೆಯಲ್ಲಿ ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಅಧ್ಯಯನದ ವಿಷಯ. ಶ್ರೀರಾಂಪುರ, ಮಲ್ಲೇಶ್ವರ, ರಾಜಾಜಿನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಆಚೀಚೆ. ಒಂದೊಂದು ಮನೆಗೆ ಎರಡು ಸಲ ಹೋಗಬೇಕು, ಪ್ರತಿ ಸಲ ಒಂದೂವರೆ ಗಂಟೆ ಮಾತು. ಫೋನಿನಲ್ಲೇ ಮುಗಿಸಬಹುದಲ್ಲ ಎಂದು ಕೇಳುವವರಿಗೆ ಒಂದೇ ಉತ್ತರ: ಅತ್ತೆ ಪಕ್ಕದಲ್ಲಿ ಮಲಗಿರುವಾಗ ಅತ್ತೆಯ ಬಗ್ಗೆ ಸೊಸೆ ಫೋನಿನಲ್ಲಿ ಏನು ಹೇಳಿಯಾಳು? ಮನೆಗೆ ಹೋಗಿ ಕುಳಿತರೆ ಬಾಯಿ ಹೇಳದ್ದನ್ನು ಮಂಚದ ಕೆಳಗಿನ ಬಕೆಟ್ಟು ಹೇಳುತ್ತದೆ.

ಕೋವಿಡ್‌ನ ಮೂರನೇ ಅಲೆ ಮುಗಿದು ತಿಂಗಳುಗಳಾಗಿದ್ದವು. ಜನ ಮಾಸ್ಕನ್ನು ಸ್ಕೂಟರಿನ ಡಿಕ್ಕಿಗೆ ಎಸೆದಿದ್ದರು. ಆ ಡಿಸೆಂಬರಿನ ಕೊನೆಯಲ್ಲಿ ಚಿತ್ರಮಂದಿರ, ಶಾಲೆ, ಕಾಲೇಜುಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯ ಎಂದು ಸರ್ಕಾರ ಹೇಳಿದರೂ ಬಸ್ಸಿನಲ್ಲಿ ಮಾಸ್ಕ್ ಹಾಕಿಕೊಂಡವಳು ಹೆಚ್ಚುಕಡಿಮೆ ನಾನೊಬ್ಬಳೇ ಇರುತ್ತಿದ್ದೆ. ನಮಗೆ ಕೊಟ್ಟಿದ್ದ ಸುರಕ್ಷತಾ ಸೂಚನೆಗಳು ಏಳು ಪುಟ. ಅದರಲ್ಲಿ ಅರ್ಧ 2020ರ ಪಳೆಯುಳಿಕೆ: ಕೈಗವಸು ಹಾಕಿ, ಸಹಿ ಮಾಡಿಸಿದ ಕಾಗದವನ್ನು ಮೂರು ದಿನ ಬೇರೆ ಚೀಲದಲ್ಲಿಡಿ, ಪೆನ್ನು ಒರೆಸಿ. ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದ ಕಾಲದ ಮಾತುಗಳು. ಈ ಸೋಂಕು ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು, ಆದರೆ ಗಾಳಿಯ ಬಗ್ಗೆ ಆ ಏಳು ಪುಟಗಳಲ್ಲಿ ಇದ್ದದ್ದು ಒಂದು ಸಾಲು: 'ಸಾಧ್ಯವಾದಲ್ಲಿ ಕಿಟಕಿ ತೆರೆಯಿರಿ'. ಸಹಿ ಬಾರದವರಿಗೆ ಹೆಬ್ಬೆಟ್ಟು ಒತ್ತಿಸಲು ಅರವತ್ತು ಮನೆಗೂ ಒಂದೇ ಇಂಕ್ ಪ್ಯಾಡ್ ಕೊಟ್ಟಿದ್ದರು ಎಂಬುದನ್ನು ಮಾತ್ರ ಯಾರೂ ಗಮನಿಸಿರಲಿಲ್ಲ.

ನಿಜವಾದ ಪಾಠ ಹೇಳಿಕೊಟ್ಟವರು ತರಬೇತಿಗೆ ಒಂದು ಮಧ್ಯಾಹ್ನ ಬಂದ ನಿವೃತ್ತ ನರ್ಸಮ್ಮ. ಊದುಬತ್ತಿಯ ಪೊಟ್ಟಣ ಹಿಡಿದುಕೊಂಡೇ ಬಂದಿದ್ದರು. ಒಂದನ್ನು ಹಚ್ಚಿ ಮೇಜಿನ ಮೇಲಿಟ್ಟು, "ಇದು ಕೆಮ್ಮುವವರ ಬಾಯಿ ಎಂದುಕೊಳ್ಳಿ" ಎಂದರು. ಬಾಗಿಲು, ಕಿಟಕಿ ಎರಡನ್ನೂ ಹಾಕಿ ಫ್ಯಾನ್ ಹಚ್ಚಿದಾಗ ಹೊಗೆ ಎಲ್ಲಿಗೂ ಹೋಗಲಿಲ್ಲ, ಕೋಣೆಯಲ್ಲೇ ಗಿರಕಿ ಹೊಡೆಯಿತು. ಎರಡು ನಿಮಿಷದಲ್ಲಿ ಹಿಂದಿನ ಬೆಂಚಿನವರಿಗೂ ವಾಸನೆ. ಆರಡಿ ದೂರದಲ್ಲಿ ಕುಳಿತಿದ್ದೇವೆ ಎಂಬ ಧೈರ್ಯ ಅಲ್ಲಿಗೆ ಮುಗಿಯಿತು. ಎದುರುಬದುರಿನ ಬಾಗಿಲು, ಕಿಟಕಿ ತೆರೆದ ಕೂಡಲೇ ಹೊಗೆ ದಾರದಂತೆ ಒಂದೇ ದಿಕ್ಕಿಗೆ ಎಳೆದುಕೊಂಡು ಹೋಯಿತು. ಒಂದೇ ಕಿಟಕಿಯ ಕೋಣೆಯಾದರೆ ಟೇಬಲ್ ಫ್ಯಾನನ್ನು ಹೊರಮುಖವಾಗಿ ಕಿಟಕಿಯಲ್ಲಿಡಿ, ಒಳಗಿನ ಗಾಳಿಯನ್ನು ಅದು ಆಚೆ ತಳ್ಳುತ್ತದೆ ಎಂದು ಅದನ್ನೂ ಮಾಡಿ ತೋರಿಸಿದರು. "ಬೆಳಿಗ್ಗೆ ಪೂಜೆ ಮುಗಿದ ಹೊತ್ತಿಗೆ ಹೋಗಿ. ಎಷ್ಟೋ ಮನೆಗಳಲ್ಲಿ ಅವರೇ ಹಚ್ಚಿರುತ್ತಾರೆ. ಹೊಗೆ ಯಾವ ಕಡೆ ಹೋಗುತ್ತದೆ ನೋಡಿ, ಅದು ನಿಮ್ಮ ಮುಖಕ್ಕೆ ಬಾರದ ಜಾಗದಲ್ಲಿ ಕುಳಿತುಕೊಳ್ಳಿ."

ಮಾಸ್ಕಿನ ಬಗ್ಗೆಯೂ ಅವರದು ಇಂಥದೇ ಅಡುಗೆಮನೆಯ ವಿದ್ಯೆ. ಎನ್95 ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 95ರಷ್ಟನ್ನಾದರೂ ತಡೆಯುವ ಬಟ್ಟೆ. ಆದರೆ ಕನ್ನಡಕಕ್ಕೆ ಆವಿ ಹಿಡಿಯುತ್ತಿದ್ದರೆ ಮೂಗಿನ ಹತ್ತಿರ ಸಂದಿಯಿದೆ ಎಂದೇ ಅರ್ಥ, ಸಂದಿಯಿದ್ದ ಮೇಲೆ ಬಟ್ಟೆ ಎಂಥದಾದರೇನು. ಮುಂದೆ ಪ್ಲಾಸ್ಟಿಕ್ ಬಿಲ್ಲೆಯಿರುವ ಕವಾಟದ ಮಾಸ್ಕ್ ಬೇಡವೇ ಬೇಡ. ಅದು ಹಾಕಿಕೊಂಡವರ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ನಿಮಗೆ ರಕ್ಷಣೆ, ಎದುರಿಗಿರುವ ಮುದುಕರಿಗೆ ಇಲ್ಲ. ಈ ಕೊನೆಯ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆನೇ ಹೊರತು ಆಗ ಅದು ಮನಸ್ಸಿಗೆ ತಾಗಲಿಲ್ಲ. ನಮ್ಮ ತಲೆಯಲ್ಲಿದ್ದದ್ದು ಅವರ ಮನೆಗಳಿಂದ ನಮಗೇನು ಬರಬಹುದು ಎಂಬ ಒಂದೇ ಲೆಕ್ಕ.

ಮಾಸ್ಕ್ ಮೊದಲು ತಂದ ತೊಂದರೆ ಆರೋಗ್ಯಕ್ಕೆ ಸಂಬಂಧಿಸಿದ್ದೇ ಅಲ್ಲ. ಸಮೀಕ್ಷೆಯ ನೆಪದಲ್ಲಿ ಮನೆಮನೆಗೆ ಹೋಗಿ ಮತದಾರರ ಮಾಹಿತಿ ಕದ್ದರೆಂಬ ಆರೋಪ ಆ ನವೆಂಬರಿನಲ್ಲೇ ಪತ್ರಿಕೆಗಳ ಮುಖಪುಟದಲ್ಲಿತ್ತು. ಮುಂದೆ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಬೇರೆ. ಮುಖ ಮುಚ್ಚಿಕೊಂಡು ಚೀಲ ಹಿಡಿದ ಇಬ್ಬರು ಹೆಂಗಸರು ಬಾಗಿಲಿಗೆ ಬಂದರೆ ಯಾರು ತಾನೇ ಒಳಗೆ ಬಿಟ್ಟಾರು? ಕಾಮಾಕ್ಷಿಪಾಳ್ಯದ ಒಬ್ಬ ಯಜಮಾನರು ನನ್ನ ಗುರುತಿನ ಚೀಟಿಯನ್ನು ಅತ್ತಿತ್ತ ತಿರುಗಿಸಿ ನೋಡಿ, "ಇದರಲ್ಲಿರುವವರು ನೀವೇ ಎಂದು ನಾನು ಹೇಗೆ ನಂಬಲಿ? ಬರೀ ಕಣ್ಣು ಕಾಣಿಸುತ್ತಿದೆ" ಎಂದರು. ಅವರ ಮಾತು ನ್ಯಾಯವೇ. ಆಮೇಲೆ ಪ್ರತಿ ಮನೆಯಲ್ಲೂ ಗೇಟಿನಿಂದ ನಾಲ್ಕು ಹೆಜ್ಜೆ ಹಿಂದೆ ರಸ್ತೆಯಲ್ಲಿ ನಿಂತು, ಮಾಸ್ಕ್ ತೆಗೆದು, ಹೆಸರು ಹೇಳಿ, ಮುಖ ತೋರಿಸಿ, ಮತ್ತೆ ಹಾಕಿಕೊಂಡು ಒಳಗೆ ಹೋಗುತ್ತಿದ್ದೆವು. ನಾಟಕದ ಪಾತ್ರಧಾರಿಗಳಂತೆ.

ಹಿಂದಿನ ಸಂಜೆ ಫೋನ್ ಮಾಡಿ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ನೆಗಡಿ ಇದೆಯೇ ಎಂದು ಕೇಳಬೇಕಿತ್ತು. ಸೂಚನೆಯಲ್ಲಿ ಇದ್ದಂತೆಯೇ ಓದಿದೆ. "ನಮ್ಮ ಮನೆಯಲ್ಲಿ ರೋಗವಿದೆ ಎಂದು ಯಾರಮ್ಮ ಹೇಳಿದರು?" ಎಂದು ಒಬ್ಬರು ಫೋನ್ ಇಟ್ಟೇಬಿಟ್ಟರು. 2020ರಲ್ಲಿ ಮನೆಯ ಮುಂದೆ ಚೀಟಿ ಅಂಟಿಸಿ, ಬೀದಿಗೆ ತಗಡು ಹೊಡೆದದ್ದನ್ನು ಜನ ಮರೆತಿಲ್ಲ. ಆರೋಗ್ಯದ ಹೆಸರಿನಲ್ಲಿ ಬರುವ ಪ್ರಶ್ನೆಯ ಹಿಂದೆಯೇ ತಗಡು ಬರುತ್ತದೆ ಎಂಬ ಭಯ ಉಳಿದುಕೊಂಡಿದೆ. ನನ್ನ ಜೊತೆಗಾತಿ ಪ್ರಶ್ನೆಯನ್ನೇ ಮಗುಚಿ ಹಾಕಿದಳು. "ಅಮ್ಮ, ನಾವಿಬ್ಬರೂ ಸದ್ಯಕ್ಕೆ ಚೆನ್ನಾಗಿದ್ದೇವೆ. ಬೆಳಿಗ್ಗೆ ನಮಗೆ ನೆಗಡಿ ಗಿಗಡಿ ಬಂದರೆ ಅಜ್ಜನ ಹತ್ತಿರ ಬರುವುದಿಲ್ಲ, ಫೋನ್ ಮಾಡುತ್ತೇವೆ. ನಿಮ್ಮಲ್ಲಿಯೂ ಹಾಗೇನಾದರೂ ಇದ್ದರೆ ಹೇಳಿಬಿಡಿ, ಇನ್ನೊಂದು ದಿನ ಇಟ್ಟುಕೊಳ್ಳೋಣ." ಹೀಗೆ ಕೇಳಿದರೆ ಆ ಕಡೆಯಿಂದ ತಾನಾಗಿಯೇ ಬರುತ್ತಿತ್ತು: ಮೊಮ್ಮಗನಿಗೆ ಶಾಲೆಯಿಂದ ಕೆಮ್ಮು ಬಂದಿದೆ, ಸೋಮವಾರ ಬನ್ನಿ.

ಕೇಳುವ ಅಗತ್ಯವೇ ಇಲ್ಲದ ಮನೆಯೂ ಒಂದಿತ್ತು. ಮಾರ್ಚಿನ ಬಿಸಿಲಲ್ಲಿ ಮಾಗಡಿ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಬಾಗಿಲ ಮೇಲೆ ಬೇವಿನ ಸೊಪ್ಪಿನ ಗೊಂಚಲು ತೂಗುತ್ತಿತ್ತು. ಮಗುವಿಗೆ 'ಅಮ್ಮ' ಬಂದಿದೆ, ಅಂದರೆ ಸೀತಾಳೆ ಸಿಡುಬು. ಗುಳ್ಳೆಗಳೆಲ್ಲ ಹಕ್ಕಳೆಗಟ್ಟಿ ಒಣಗುವವರೆಗೂ ಅದು ಅಂಟುತ್ತದೆ, ಅಂಟಿದ ಮೇಲೆ ಕಾಣಿಸಿಕೊಳ್ಳಲು ಹತ್ತರಿಂದ ಇಪ್ಪತ್ತೊಂದು ದಿನ. ಸುರಕ್ಷತಾ ಸೂಚನೆಯ ಏಳು ಪುಟಗಳಲ್ಲಿ ಬೇವಿನ ಸೊಪ್ಪಿನ ಮಾತೇ ಇಲ್ಲ, ಆದರೆ ನಾನು ನೋಡಿದ ಅತ್ಯಂತ ಸ್ಪಷ್ಟವಾದ ಸುರಕ್ಷತಾ ಸೂಚನೆ ಅದೇ. ಜೊತೆಗಾತಿ ಆಗ ಐದು ತಿಂಗಳ ಬಸುರಿ. ಓಣಿಯ ತುದಿಗೆ ಹೋಗಿ ತಾಯಿಗೆ ಫೋನ್ ಮಾಡಿ, "ಚಿಕ್ಕಂದಿನಲ್ಲಿ ನನಗೆ ಅಮ್ಮ ಬಂದಿತ್ತೇ?" ಎಂದು ಕೇಳಿದಳು. ಬಂದಿತ್ತಂತೆ. ಆದರೂ ಹೊಸಿಲು ದಾಟದೆ, ಕೈ ಮುಗಿದು ವಾಪಸಾದೆವು.

ಮನೆಯೊಳಗೆ ಗಾಳಿ ಇಲ್ಲವೆಂದರೆ ಹೊರಗೆ ಕುಳಿತರಾಯಿತು ಎನ್ನುವುದು ಕಚೇರಿಯಲ್ಲಿ ಕುಳಿತವರಿಗೆ ಸುಲಭ. ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಅದು ನಡೆಯುತ್ತದೆ. ಅಲ್ಲಿ ಜಗಲಿಯಿದೆ, ಹಿತ್ತಲಿದೆ, ಹಿಂದೆ ಸಂದಿಯಿದೆ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಿಗೆ ಹೆದರಿದ ಊರು ಗಾಳಿ ಬೆಳಕನ್ನು ಹುಡುಕಿಕೊಂಡು ಬಂದು ಬೆಳೆಸಿದ ಬಡಾವಣೆಗಳು ಅದು ಮತ್ತು ಬಸವನಗುಡಿ. ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಈ ನಗರದಲ್ಲಿವೆ. ಜಗಲಿಯ ಮೇಲೆ ಕುಳಿತ ದಿನಗಳಲ್ಲಿ ನಾನು ಆರಡಿ ದೂರ ಸರಿದು ಮಾಸ್ಕನ್ನೂ ತೆಗೆಯುತ್ತಿದ್ದೆ. ಕಿವಿ ಮಂದವಾದವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ತುಟಿ ಮುಚ್ಚಿದರೆ ಅವರ ಪಾಲಿಗೆ ನಾವು ಮೂಕರು. ರೆಕಾರ್ಡರನ್ನು ಅವರ ಪಕ್ಕದ ಸ್ಟೂಲಿನ ಮೇಲಿಟ್ಟು ನಾನು ದೂರ ಕುಳಿತರೆ ಅವರ ದನಿ ಸರಿಯಾಗಿ ಸಿಗುತ್ತಿತ್ತು. ಅದರ ಜೊತೆಗೆ ಸೊಪ್ಪಿನವಳ ಕೂಗು, ಎದುರುಮನೆಯ ಕುಕ್ಕರಿನ ಶಿಳ್ಳೆ, ಟೈಲ್ಸ್ ಕೊಯ್ಯುವ ಯಂತ್ರ. ಆ ಧ್ವನಿಮುದ್ರಿಕೆಗಳನ್ನು ಬರಹಕ್ಕಿಳಿಸಿದವರು ನನಗೆ ಹಾಕಿದ ಶಾಪ ಇನ್ನೂ ತೀರಿರಲಾರದು.

ವಠಾರದಲ್ಲಿ ಹೊರಗೆ ಎಂದರೆ ಎಲ್ಲರ ಕಿವಿಯೊಳಗೆ ಎಂದು ಅರ್ಥ. ಅಲ್ಲಿ ಒಬ್ಬ ಸೊಸೆ ಬಾಗಿಲಲ್ಲಿ ಕುಳಿತು ಒಂದು ಗಂಟೆ, "ನಮ್ಮತ್ತೆ ದೇವರಂಥವರು" ಎಂಬುದನ್ನೇ ಹತ್ತು ಬಗೆಯಲ್ಲಿ ಹೇಳಿದರು. ಎದ್ದು ಹೊರಟಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಒಳಗೆ ಕೇಳಿದ್ದರೆ ಬೇರೆ ಹೇಳುತ್ತಿದ್ದೆ" ಎಂದರು. ಆವತ್ತು ಬಸ್ಸಿನಲ್ಲಿ ಬಹಳ ಹೊತ್ತು ಯೋಚಿಸಿದೆ. ಅವರ ಶ್ವಾಸಕೋಶವನ್ನು ಕಾಪಾಡಲು ಹೋಗಿ ಅವರ ಮಾತನ್ನು ಬೀದಿಗೆ ತಂದು ಕೂರಿಸಿದ್ದೆ. ಗುಟ್ಟು ಕಾಯುತ್ತೇವೆಂದು ಒಪ್ಪಿಗೆ ಪತ್ರದಲ್ಲಿ ಬರೆದುಕೊಟ್ಟವರು ನಾವೇ.

ಕೊನೆಗೆ ದಾರಿ ತೋರಿಸಿದ್ದು ತಾರಸಿ. ಬೆಳಿಗ್ಗೆ ಒಂಬತ್ತರೊಳಗೆ, ಬಿಸಿಲು ಏರುವ ಮೊದಲು, ನೀರಿನ ಟ್ಯಾಂಕಿನ ನೆರಳಿನಲ್ಲಿ, ಒಣಹಾಕಿದ ಸೀರೆಯ ಮರೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಸಂಡಿಗೆ ಕಾಯುವ ನೆಪ ಹೇಳಿ ಸೊಸೆಯಂದಿರು ಮೇಲೆ ಬರುತ್ತಿದ್ದರು. ನನ್ನ ಅಧ್ಯಯನದ ಅರ್ಧದಷ್ಟು ಸತ್ಯ ಸಂಡಿಗೆಯ ಪಕ್ಕದಲ್ಲಿ ಸಿಕ್ಕಿದ್ದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಅಲ್ಲಿಯೂ ಒಂದು ವಿಘ್ನ ಎದುರಾಯಿತು. ಮುಚ್ಚಳವಿಲ್ಲದ ಡ್ರಮ್ಮು, ಒಡೆದ ಕುಂಡ, ಹಳೆಯ ಟೈರು, ಎಲ್ಲದರಲ್ಲೂ ತಿಳಿನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆಯ ಮುಂಚೆ. ಅಂದರೆ ನಾನು ಗಾಳಿಗೆ ಹೆದರಿ ಆರಿಸಿಕೊಂಡ ಹೊತ್ತೇ ಸೊಳ್ಳೆಯ ಊಟದ ಹೊತ್ತು. ಆ ತಿಂಗಳಿನಿಂದ ಚೀಲಕ್ಕೆ ಸೊಳ್ಳೆ ಓಡಿಸುವ ಮುಲಾಮು ಸೇರಿತು, ಸಂದರ್ಶನ ಮುಗಿದ ಮೇಲೆ ಡ್ರಮ್ಮು ಬೋರಲು ಹಾಕುವುದೂ ನನ್ನ ಕೆಲಸವಾಯಿತು.

ಫೆಬ್ರವರಿಯ ಒಂದು ಮನೆಯ ವಿಷಯವನ್ನು ಇಲ್ಲಿಯವರೆಗೆ ತಡೆಹಿಡಿದಿದ್ದೇನೆ, ಹೇಳಲು ಈಗಲೂ ಸಂಕೋಚ. ಫೋನಿನಲ್ಲಿ ಎಲ್ಲ ಕೇಳಿ ಆಗಿತ್ತು. ಜ್ವರ ಇಲ್ಲ, ನೆಗಡಿ ಇಲ್ಲ. ಕಿಟಕಿಯೇ ಇಲ್ಲದ ಕೋಣೆ, ಅರ್ಧಕ್ಕೆ ಕರ್ಟನ್ನು. ಅತ್ತೆಗೆ ಪಾರ್ಶ್ವವಾಯು, ಮಾತನಾಡುತ್ತಿದ್ದವರು ಸೊಸೆ. ಕರ್ಟನ್ನಿನ ಆಚೆ ಯಾರೋ ಕೆಮ್ಮುತ್ತಿದ್ದರು, ತಡೆದು ತಡೆದು, ದಿಂಬಿಗೆ ಬಾಯಿ ಒತ್ತಿಕೊಂಡಂತೆ. ಎಂಬತ್ತು ನಿಮಿಷ ಕಳೆದ ಮೇಲೆ ಕೇಳಿದೆ. "ನಮ್ಮ ಯಜಮಾನರು. ಕೆಮ್ಮು ಒಂದು ತಿಂಗಳಿಂದ ಇದೆ, ಜ್ವರ ಏನಿಲ್ಲ. ನೀವು ಜ್ವರ ತಾನೇ ಕೇಳಿದ್ದು? ಕೆಮ್ಮು ಅವರಿಗೆ ಮಾಮೂಲು" ಎಂದರು. ಮಾಮೂಲು ಕೆಮ್ಮನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ನಾವು ಕೇಳಬೇಕಿದ್ದ ಪ್ರಶ್ನೆ ಬೇರೆ: ಎರಡು ವಾರಕ್ಕಿಂತ ಹೆಚ್ಚು ದಿನದಿಂದ ಯಾರಾದರೂ ಕೆಮ್ಮುತ್ತಿದ್ದಾರೆಯೇ? ಕ್ಷಯವನ್ನು ಅನುಮಾನಿಸಲು ಈ ದೇಶದಲ್ಲಿ ಬಳಸುವ ಮೊದಲ ಅಳತೆಯೇ ಅದು. ನಮ್ಮ ಏಳು ಪುಟಗಳು ಕೋವಿಡನ್ನು ಬಿಟ್ಟು ಬೇರೆ ಕಾಯಿಲೆಯೇ ಲೋಕದಲ್ಲಿ ಇಲ್ಲವೆಂಬಂತೆ ಇದ್ದವು.

ಇದೂ ಈ ಊರಿನಲ್ಲಿ ಆಗಬಾರದಿದ್ದ ಮರೆವು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಬಳ್ಳಾರಿ ರಸ್ತೆಯಲ್ಲೇ ಇದೆ. ಅಲ್ಲಿಯ ಸಂಶೋಧಕರು 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕಫದಲ್ಲಿ ಕ್ಷಯ ಕಂಡುಬಂದವರ ಮನೆಗಳಿಗೇ ಹೋಗಿ ಮಾತನಾಡಿಸಿದ್ದರು. ಅರ್ಧದಷ್ಟು ಜನ ಅದಾಗಲೇ ಯಾವುದಾದರೂ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧಿ ಇಸಿದುಕೊಂಡು ಬಂದಿದ್ದರು. ಆ ಮನೆಯ ಯಜಮಾನರ ತಲೆದೆಸೆಯಲ್ಲಿಯೂ ಕೆಮ್ಮಿನ ಸಿರಪ್ಪಿನ ಎರಡು ಖಾಲಿ ಬಾಟಲಿಗಳಿದ್ದವು.

ಆ ಬಡಾವಣೆಯ ಆಶಾ ಕಾರ್ಯಕರ್ತೆ ಮರುದಿನವೇ ಅವರನ್ನು ನಗರ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕಫ ಕೊಡಿಸಿದರು. ಕ್ಷಯವೇ. ಮಾತ್ರೆ ಉಚಿತ, ಆರು ತಿಂಗಳು ಬಿಡದೆ ನುಂಗಬೇಕು. ಸರಿಯಾದ ಔಷಧಿ ಶುರುವಾದ ಮೇಲೆ ಅಂಟಿಸುವ ಶಕ್ತಿ ಬೇಗ ಇಳಿಯುತ್ತದೆ, ಸಾಮಾನ್ಯವಾಗಿ ಎರಡು ವಾರದ ಲೆಕ್ಕ ಹೇಳುತ್ತಾರೆ. ನನ್ನ ಪಾಡು? ಎನ್95 ಹಾಕಿದ್ದೆ, ಅಷ್ಟೇ. ಕ್ಷಯದ ಸೋಂಕು ತಗುಲಿದವರಲ್ಲಿ ಕಾಯಿಲೆ ಬೀಳುವವರು ಇಡೀ ಜೀವಮಾನದಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಎಂದು ವೈದ್ಯರು ಸಮಾಧಾನ ಹೇಳಿ, ಎಕ್ಸ್‌ರೇ ತೆಗೆಸಿದರು. ಏನೂ ಇರಲಿಲ್ಲ. ಆ ಮನೆ ಯಾವುದೆಂದು ತಂಡದಲ್ಲಿ ಯಾರಿಗೂ ಹೇಳಲಿಲ್ಲ, ಪ್ರಶ್ನೆಯನ್ನು ಮಾತ್ರ ಬದಲಾಯಿಸಿಕೊಂಡೆವು.

ಇಷ್ಟಾದರೂ ಅಪಾಯ ಬರುವುದು ಆ ಕಡೆಯಿಂದ ಎಂದೇ ನಂಬಿದ್ದೆ. ಮಾರ್ಚಿನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಜ್ವರದಿಂದ ವೃದ್ಧರೊಬ್ಬರು ತೀರಿಕೊಂಡ ಸುದ್ದಿ ಬಂದಿತ್ತು, ಕೋವಿಡ್ ಕೂಡ ಮೆಲ್ಲನೆ ಏರುತ್ತಿತ್ತು. ಏಪ್ರಿಲಿನ ಒಂದು ಸೋಮವಾರ ರಾಜಾಜಿನಗರದಲ್ಲಿ ಎಪ್ಪತ್ತೆಂಟರ ಅಜ್ಜಿಯೊಬ್ಬರ ಮನೆಗೆ ಹೋದೆ. ಸಕ್ಕರೆ ಕಾಯಿಲೆ, ಮೊಣಕಾಲು ಮಡಿಸಲಾಗದು, ಕಿವಿ ಪೂರ್ತಿ ಮಂದ. ಅಡ್ಡ ರಸ್ತೆಯಲ್ಲಿ ಚುನಾವಣೆಯ ಧ್ವನಿವರ್ಧಕ ಕಿರುಚುತ್ತಿದ್ದುದರಿಂದ ಮಗಳು ಕಿಟಕಿ ಹಾಕಿದರು. ನಾನು ಬೇಡ ಎನ್ನಲಿಲ್ಲ, ಧ್ವನಿಮುದ್ರಣ ಚೆನ್ನಾಗಿ ಬರಲಿ ಎಂಬ ಆಸೆ. ಅಜ್ಜಿ, "ಏನಂದೆ? ಏನಂದೆ?" ಎಂದು ಕೇಳಿ ಸುಸ್ತಾದರು. ಹತ್ತೇ ನಿಮಿಷ ಎಂದುಕೊಂಡು ಮಾಸ್ಕ್ ಇಳಿಸಿ, ಅವರ ಕಿವಿಯ ಹತ್ತಿರ ಬಾಗಿ ಮಾತನಾಡಿದೆ. ಅಜ್ಜಿ ಅರಳಿಬಿಟ್ಟರು. ಗಂಡ ಬಿನ್ನಿ ಮಿಲ್ಲಿನಲ್ಲಿ ಇದ್ದದ್ದು, ಸಂಬಳದ ದಿನ ಜಿಲೇಬಿ ತರುತ್ತಿದ್ದದ್ದು, ಎಲ್ಲ ಹೇಳಿದರು. ಒಂಬತ್ತು ತಿಂಗಳಲ್ಲಿ ಸಿಕ್ಕ ಅತ್ಯುತ್ತಮ ಸಂದರ್ಶನ ಅದು. ಹೊರಡುವಾಗ ಕುಂಕುಮ ಇಡಲು ನನ್ನ ಗಲ್ಲ ಹಿಡಿದುಕೊಂಡರು.

ಮಂಗಳವಾರ ಬೆಳಿಗ್ಗೆ ಗಂಟಲಲ್ಲಿ ಮುಳ್ಳು. ಮನೆಯಲ್ಲೇ ಮಾಡುವ ಆಂಟಿಜನ್ ಪರೀಕ್ಷೆಯಲ್ಲಿ ಒಂದೇ ಗೆರೆ. ಮೊದಲ ದಿನ ಆ ಒಂಟಿ ಗೆರೆಯನ್ನು ನಂಬಬಾರದು ಎಂದು ಗೊತ್ತಿದ್ದೂ ನಂಬಲು ಮನಸ್ಸು ಹಾತೊರೆಯಿತು, ಏಕೆಂದರೆ ಆ ದಿನ ಎರಡು ಸಂದರ್ಶನಗಳಿದ್ದವು. ನಮಗೆ ಸಂಬಳ ತಿಂಗಳ ಲೆಕ್ಕದಲ್ಲಲ್ಲ, ಮುಗಿಸಿದ ಸಂದರ್ಶನದ ಲೆಕ್ಕದಲ್ಲಿ. ಹೋಗದಿದ್ದರೆ ದುಡ್ಡಿಲ್ಲ. ನೆಗಡಿಯನ್ನು ಮಾತ್ರೆ ನುಂಗಿ ಮುಚ್ಚಿಟ್ಟುಕೊಂಡು ಕ್ಷೇತ್ರಕ್ಕೆ ಹೋದ ಸಹೋದ್ಯೋಗಿಗಳನ್ನು ನಾನು ಬಲ್ಲೆ, ಅವರನ್ನು ದೂರಲಾರೆ. ಏಳು ಪುಟದ ಸೂಚನೆ ಬರೆದವರು ಎಂಟನೆಯ ಪುಟದಲ್ಲಿ, ಹುಷಾರಿಲ್ಲದ ದಿನಕ್ಕೂ ಕೂಲಿ ಕೊಡುತ್ತೇವೆ ಎಂದು ಬರೆದಿದ್ದರೆ ಉಳಿದ ಏಳು ಪುಟಗಳಿಗಿಂತ ಅದರಿಂದಲೇ ಹೆಚ್ಚು ಕೆಲಸವಾಗುತ್ತಿತ್ತು. ಹೇಗೋ ಅಂದು ಹೋಗಲಿಲ್ಲ. ಬುಧವಾರ ಎರಡು ಗೆರೆ ಬಂತು.

ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಈ ಸೋಂಕು ಬೇರೆಯವರಿಗೆ ದಾಟಬಲ್ಲದು. ಸೋಮವಾರದ ಆ ಹತ್ತು ನಿಮಿಷ ಕಣ್ಣ ಮುಂದೆ ಬಂತು. ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ಅವರಿಗೆ ಏನೂ ಆಗಿಲ್ಲವಲ್ಲ, ಸುಮ್ಮನೆ ಏಕೆ ಗಾಬರಿಪಡಿಸುತ್ತೀರಿ? ಎರಡನೇ ಭೇಟಿಗೆ ಬೇಡ ಎಂದುಬಿಟ್ಟರೆ?" ಎಂದರು. ಅವರು ಕೆಟ್ಟವರಲ್ಲ, ಅವರ ಮೇಲೆಯೂ ಸಂಖ್ಯೆಯ ಒತ್ತಡವಿತ್ತು. ಅರ್ಧ ಗಂಟೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಐದು ತಿಂಗಳಿಂದ ಜನರಿಗೆ, ನಿಮ್ಮಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳುತ್ತ ಬಂದವಳಿಗೆ, ನನಗಿದೆ ಎಂದು ಹೇಳುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಫೋನ್ ಇಟ್ಟೇಬಿಟ್ಟ ಆ ಹೆಂಗಸು ನೆನಪಾದರು.

ಮಗಳು ಪೂರ್ತಿ ಕೇಳಿಸಿಕೊಂಡರು. ಬಹಳ ಹೊತ್ತು ಮಾತಿಲ್ಲ. "ನಮ್ಮಮ್ಮ ಮೂರು ವರ್ಷದಿಂದ ಮನೆಯಿಂದ ಆಚೆ ಹೋಗಿಲ್ಲ ಅಕ್ಕ. ಹೊರಗಿನಿಂದ ಬಂದವರು ನೀವೊಬ್ಬರೇ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಮನೆಯಿಂದ ಮನೆಗೆ ಹೋಗುವವಳು, ಒಂದು ವಾರದಲ್ಲಿ ಆರು ಮನೆ, ಹನ್ನೆರಡು ಬಸ್ಸು. ಅಜ್ಜಿ ಒಂದೇ ಮಂಚದ ಮೇಲೆ ಇರುವವರು. ಯಾರಿಂದ ಯಾರಿಗೆ ಎಂದು ಎಣಿಸಲು ಊದುಬತ್ತಿಯೂ ಬೇಕಿರಲಿಲ್ಲ.

ಗುರುವಾರ ರಾತ್ರಿ ಅಜ್ಜಿಗೆ ಜ್ವರ ಬಂತು. ವೈದ್ಯರ ಹತ್ತಿರ ತಕ್ಷಣ ಹೋಗಿ, ಸಂಪರ್ಕದ ವಿಷಯವನ್ನೂ ಹೇಳಿ ಎಂದು ಮಗಳಿಗೆ ಮೊದಲೇ ತಿಳಿಸಿದ್ದೆ. ಹೋದರು. ಕೋವಿಡ್. ಲಸಿಕೆಯ ಮೂರೂ ಡೋಸ್ ಆಗಿತ್ತು, ಮನೆಯಲ್ಲೇ ಔಷಧಿ. ಆ ಮನೆಯ ಹುಡುಗನಿಗೂ ಹಿಂದಿನ ವಾರ ಗಂಟಲು ನೋವಿತ್ತಂತೆ. ನನ್ನಿಂದ ಬಂತೋ ಅವನಿಂದ ಬಂತೋ ತಿಳಿಯುವ ದಾರಿಯಿಲ್ಲ, ಆದರೆ ಅದನ್ನು ನನ್ನ ಪರವಾದ ವಾದವಾಗಿ ಬಳಸಲು ನಾಚಿಕೆಯಾಯಿತು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಗಳು ಆಕ್ಸಿಮೀಟರಿನ ಅಂಕಿಯನ್ನು ಮಾತ್ರ ಕಳುಹಿಸುತ್ತಿದ್ದರು, ಒಂದು ಅಕ್ಷರವೂ ಜೊತೆಗಿಲ್ಲದೆ. 96. 95. 95. 94ಕ್ಕೆ ಇಳಿದ ರಾತ್ರಿ ನಾನು ಮಲಗಲಿಲ್ಲ. ಆಮೇಲೆ 96, 97. ಎಂಟನೆಯ ದಿನ ಅಂಕಿ ಬರಲಿಲ್ಲ. ಬದಲಿಗೆ ಒಂದು ಧ್ವನಿ ಸಂದೇಶ, ಅಜ್ಜಿಯದು. "ನಿನಗೆ ಕಡಿಮೆ ಆಯಿತೇನಮ್ಮ? ಬಿಸಿನೀರು ಕುಡಿ."

ಎರಡನೇ ಭೇಟಿಯನ್ನು ನಾನು ಕೇಳಲಿಲ್ಲ. ಜೂನಿನಲ್ಲಿ ಮಗಳೇ ಕರೆದರು, ಷರತ್ತು ಹಾಕಿ. ಒಳಗೆ ಬರುವಂತಿಲ್ಲ. ಅಜ್ಜಿಯ ಮಂಚ ಕಿಟಕಿಗೆ ತಾಗಿದೆ, ನೀವು ಆಚೆ ಕಾಂಪೌಂಡಿನಲ್ಲಿ ಕುಳಿತುಕೊಳ್ಳಿ. ಕಿವಿಗೆ ಹೊಸ ಯಂತ್ರ ಹಾಕಿಸಿದ್ದೇವೆ, ಕೂಗಬೇಕಿಲ್ಲ.

ಬೆಳಿಗ್ಗೆ ಎಂಟೂವರೆಗೆ ಹೋದೆ. ಕಿಟಕಿಯ ಹೊರಗೆ ಮರದ ಸ್ಟೂಲು ಹಾಕಿಟ್ಟಿದ್ದರು, ಅದರ ಮೇಲೆ ಮುಚ್ಚಿದ ಲೋಟದಲ್ಲಿ ಕಾಫಿ. ಬಾಗಿಲು ತೆರೆದಿತ್ತು, ಕಿಟಕಿ ತೆರೆದಿತ್ತು. ಒಳಗೆ ದೇವರ ಮುಂದೆ ಹಚ್ಚಿದ್ದ ಊದುಬತ್ತಿಯ ಹೊಗೆ ಅಜ್ಜಿಯ ಮಂಚದ ಮೇಲೆ ಹಾದು, ಕಿಟಕಿಯ ಸರಳುಗಳ ನಡುವಿನಿಂದ ನೇರವಾಗಿ ನನ್ನ ಮುಖಕ್ಕೆ ಬರುತ್ತಿತ್ತು. ಸ್ಟೂಲನ್ನು ಸರಿಸಲಿಲ್ಲ. ಮಾಸ್ಕಿನ ಮೂಗುಪಟ್ಟಿಯನ್ನು ಒತ್ತಿಕೊಂಡು, ರೆಕಾರ್ಡರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಜಿಲೇಬಿಯವರೆಗೆ ಹೇಳಿದ್ದಿರಿ ಅಜ್ಜಿ" ಎಂದೆ.